ಹಿತ್ತಿಲ ಗೋಡೆಯಲ್ಲಿ ಇಳಿದ ಸಿಡಿಲು

ಎರಡು ವರ್ಷದ ಹಿಂದೆ, ಯುಗಾದಿ ಮುಗಿದು ಒಂದು ವಾರವಾಗಿತ್ತು. ಮಳವಳ್ಳಿ ಹತ್ತಿರದ ನಮ್ಮೂರಿನಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೆಲಸ ಶುರು ಮಾಡಿದ್ದೆ. ಇಂಟರ್‌ನೆಟ್ಟಿಗಾಗಿ ತಾರಸಿಯಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ ಆಂಟೆನಾ ಕಟ್ಟಲು ಮಳವಳ್ಳಿಯಿಂದ ಎಲೆಕ್ಟ್ರಿಷಿಯನ್ ನಜೀರಣ್ಣ ಬಂದಿದ್ದರು.

"ವೈರನ್ನ ಈ ಕಿಟಕೀಲೇ ಇಳಿಸ್ಬುಡಿ ಅಣ್ಣ, ಹತ್ರ ಆಯ್ತದೆ" ಎಂದೆ. ಕಿಟಕಿಯ ಕೆಳಗೆ ನಮ್ಮ ಮಾವನವರ ಮಂಚವಿತ್ತು. ನಜೀರಣ್ಣ ಅದನ್ನು ನೋಡಿ ಬೇಡವೆಂದು ತಲೆಯಾಡಿಸಿದರು.

"ಬ್ಯಾಡ ಕಣಮ್ಮ. ಸಿಡ್ಲು ಬಡುದ್ರೆ ಇದೇ ದಾರೀಲಿ ಒಳಿಕ್ ಬತ್ತದೆ. ಜನ ಕೂರೋ ಜಾಗ ಬುಟ್ಟು, ಹಿತ್ಲು ಗ್ವಾಡೆ ಮ್ಯಾಲೆ ನೇರ ಮಣ್ಗೆ ಅರ್ಥಿಂಗ್ ಕೊಡ್ಬೇಕು."

ಹಿತ್ತಿಲಲ್ಲಿ ಗುಂಡಿ ತೋಡಿದರು. ಕಂಬದಿಂದ ಗುಂಡಿಯವರೆಗೆ ದಪ್ಪ ತಾಮ್ರದ ಪಟ್ಟಿ ಇಳಿಸಿದರು. ಇಂಟರ್‌ನೆಟ್ ಡಬ್ಬದ ವೈರನ್ನೂ ಮಂಚದ ಕಿಟಕಿ ಬಿಟ್ಟು ಹಿತ್ತಿಲ ಕಡೆಯಿಂದಲೇ ಒಳಗೆ ತಂದರು. ಇಡೀ ದಿನ ಹಿಡಿಯಿತು. ಅರ್ಜಿ ಹಿಡಿದು ಬಂದವರನ್ನು ವಾಪಸ್ಸು ಕಳಿಸಬೇಕಾಗಿ ಬಂದು ನಾನು ಮುಖ ಊದಿಸಿಕೊಂಡಿದ್ದೆ. ಮಾವನವರೂ, "ಏನ್ಲಾ ನಜೀರು, ಬಾವಿ ತೋಡ್ತಿದ್ದೀಯಾ?" ಎಂದು ಕೇಳಿದರು. "ಇನ್ನೊಂದಡಿ ತಾತ" ಎಂದರೇ ಹೊರತು ಅವರು ಕೆಲಸ ನಿಲ್ಲಿಸಲಿಲ್ಲ.

ಮೂರು ವಾರವಾಗಿರಬಹುದು. ಒಂದು ಮಧ್ಯಾಹ್ನ ಮೋಡ ಕವಿದಿತ್ತು, ಮಳೆ ಇನ್ನೂ ಶುರುವಾಗಿರಲಿಲ್ಲ. ಮಾವನವರು ಮಂಚದ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಪಕ್ಕದಲ್ಲಿ ನನ್ನ ಆರು ವರ್ಷದ ಮಗಳು ಬೀಜ ಆರಿಸುತ್ತಿದ್ದಳು. ಇದ್ದಕ್ಕಿದ್ದಂತೆ ಕೋಣೆಯೆಲ್ಲ ಬೆಳ್ಳಗಾಯಿತು. ಆ ಸದ್ದಿಗೆ ಕಿವಿ ಮುಚ್ಚಿಹೋಯಿತು. ಕರೆಂಟು ಹೋಗಿ ಸುಟ್ಟ ವಾಸನೆ ಬಂತು. ಮಾವ ಮಗುವನ್ನು ತಬ್ಬಿಕೊಂಡು, "ಏನಾಯ್ತವ್ವ?" ಎಂದು ಕೇಳುತ್ತಿದ್ದರು. ಇಬ್ಬರಿಗೂ ಏನೂ ಆಗಿರಲಿಲ್ಲ.

ಆಮೇಲೆ ಸುರಿದ ಮಳೆ ನಿಂತಾಗ ಹಿತ್ತಿಲಿಗೆ ಹೋದೆ. ತಾರಸಿಯಿಂದ ನೆಲದವರೆಗೆ, ತಾಮ್ರದ ಪಟ್ಟಿಯ ಉದ್ದಕ್ಕೂ ಗಾರೆ ಸಿಡಿದು ಇಟ್ಟಿಗೆ ಕಾಣುತ್ತಿತ್ತು. ಗುಂಡಿಯ ಸುತ್ತ ಮಣ್ಣು ಬಿರಿದಿತ್ತು. ನಾನು ತೋರಿಸಿದ್ದ ಕಿಟಕಿ, ಅದರ ಕೆಳಗಿನ ಮಂಚ ನೆನಪಾಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ.

ನಜೀರಣ್ಣನಿಗೆ ಫೋನು ಮಾಡಿ ಸಿಡಿಲು ಬಡಿದದ್ದನ್ನು ಹೇಳಿದೆ.

"ಎಲ್ರೂ ಉಸಾರಾಗವ್ರಾ?" ಅವರು ಕೇಳಿದ್ದು ಅದೊಂದೇ.

"ಅವ್ರೆ ಅಣ್ಣ. ಇಂಟರ್‌ನೆಟ್ ಡಬ್ಬ ಸುಟ್ಟೋಗದೆ."

"ಓಗ್ಲಿ ಬುಡಿ, ಇನ್ನೊಂದು ತರ್ಬೋದು. ಮೋಡ ಕಟ್ಟುದ್ರೆ ಮುಂಚೇನೇ ಪ್ಲಗ್ ಕಿತ್ತು ದೂರ ಇರಿ ಅಂತ ಯೋಳೋದು ಮರ್ತಿದ್ದೆ ಕಣಮ್ಮ, ತಪ್ಪು ನಂದೂ ಅದೆ" ಎಂದರು.

ಈಗ ಯಾವ ಕೆಲಸಗಾರರು ನನ್ನ ಮಾತಿಗೆ ಒಪ್ಪದಿದ್ದರೂ ಸಿಟ್ಟು ಬರುವುದಿಲ್ಲ, ಯಾಕೆ ಎಂದು ಕೇಳುತ್ತೇನೆ. ಅವತ್ತು ನಜೀರಣ್ಣ ನನ್ನ ಮಾತು ಕೇಳಿಬಿಟ್ಟಿದ್ದರೆ ಎಂದು ಯೋಚನೆ ಬಂದಾಗಲೆಲ್ಲ, ಮಾಡುತ್ತಿದ್ದ ಕೆಲಸ ಬಿಟ್ಟು ಮಗಳನ್ನು ಒಮ್ಮೆ ಮುಟ್ಟಿ ನೋಡಿ ಬರುತ್ತೇನೆ.