ಸೆರಗಿಗೆ ಕಟ್ಟಿಕೊಂಡ ರೊಟ್ಟಿ

ಸುರಪುರದ ಖಾನಾವಳಿಯಲ್ಲಿ ಅವ್ವ ಅರ್ಧ ರೊಟ್ಟಿ ತಿಂದು, ಉಳಿದರ್ಧವನ್ನು ಸೆರಗಿಗೆ ಕಟ್ಟಿಕೊಂಡಳು. ಬೆಳಗಿನಿಂದ ನನ್ನ ಲಾರಿಯಲ್ಲೇ ಕೂಡಿಸಿಕೊಂಡು ಯಾದಗಿರಿ ಕೋಟೆ, ಶಹಾಪುರದ ಗುಡ್ಡ, ಇಲ್ಲಿಯ ಅರಮನೆ ತೋರಿಸಿ ದಣಿದಿದ್ದೆ. ಸಿಟ್ಟು ಬಂತು.

"ಯವ್ವಾ, ದುಡಿಯೂ ಮಗ ನಾ ಅದೀನಿ. ನೋಡಿದ ಮಂದಿ ಏನಂದಾರು? ಹೊಟ್ಟಿ ತುಂಬ ಉಣ್ಣು."

"ಮತ್ತ ಓಡೂದು ಬಂದ್ರ?" ಅಂದಳು.

ನಿಜಾಮನ ಕಾಲದ ರಜಾಕಾರರ ಹಾವಳಿಯಲ್ಲಿ ನಾವು ಉಣ್ಣುತ್ತಿದ್ದ ತಾಟು ಬಿಟ್ಟು ಹೊಳೆ ದಾಟಿ ಓಡಿದವರು. ಹೈದರಾಬಾದು ಭಾರತಕ್ಕೆ ಸೇರಿ ಈಗ ವರ್ಷಗಳೇ ಆದವು.

ಬಡಿಸುತ್ತಿದ್ದ ಹೆಂಗಸು ಅವ್ವನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ, ಪುಂಡಿಪಲ್ಲೆ ಹಾಕಿದಳು. "ಕಟ್ಟಿದ್ದು ಇರ್ಲಿ ಬಿಡ್ರಿ ಅಣ್ಣಾರ. ಯವ್ವಾ, ನೀ ಇದನ್ನ ಉಣ್ಣು. ನಾನೂ ಹೊಳಿ ದಾಟಿದಾಕಿನ."

ಅವ್ವ ಅದನ್ನು ಪೂರ್ತಿ ಉಂಡಳು. ಸೆರಗಿನ ಗಂಟು ಹಾಗೇ ಇರಲೆಂದು, ಆಕೆಯನ್ನು ಕೈಹಿಡಿದು ಲಾರಿಗೆ ಹತ್ತಿಸಿದೆ. ಆಕೆಯ ಓಟ ನಿಲ್ಲಲು ಇನ್ನೆಷ್ಟು ದಿನ ಬೇಕೋ.