ಮನೆಗೆ ಬಂದ ಪಾಲು

೨೦೧೭ರಲ್ಲಿ ನಾನು ಕಾರವಾರದ ಒಂದು ಆಸ್ಪತ್ರೆಯಲ್ಲಿ ಫಿಸಿಶಿಯನ್ ಆಗಿದ್ದೆ. ಬೈಯುವ ಡಾಕ್ಟರಮ್ಮ ಎಂದು ನನಗೆ ಹೆಸರಿತ್ತು, ಸುಳ್ಳೇನಲ್ಲ. ಮಾತ್ರೆ ನುಂಗದವರನ್ನು, ಹೇಳಿದ ದಿನಕ್ಕೆ ಬಾರದವರನ್ನು ಬೈದು ಬೈದೇ ನಿವೃತ್ತಳಾದೆ.

ಮಂಗೇಶ ಅಂಕೋಲೆ ಕಡೆಯ ಮೀನುಗಾರ, ಐವತ್ತರ ಆಸುಪಾಸಿನ ಗಟ್ಟಿ ಆಳು. ಅವನ ಊರಿನಲ್ಲಿ ಇನ್ನೂ ರಂಪಣಿ ಹಾಕುತ್ತಾರೆ. ದೋಣಿಯಲ್ಲಿ ಹೋಗಿ ದೊಡ್ಡ ಬಲೆಯನ್ನು ಕಡಲಿಗೆ ಬಿಟ್ಟು, ಅದರ ಎರಡೂ ತುದಿಯ ಹಗ್ಗಗಳನ್ನು ಊರವರೆಲ್ಲ ದಂಡೆಯಲ್ಲಿ ನಿಂತು ಎಳೆಯುತ್ತಾರೆ. ಹಗ್ಗ ಹಿಡಿದವರಿಗೆಲ್ಲ ಮೀನಿನಲ್ಲಿ ಪಾಲು. ಹಾಸಿಗೆ ಹಿಡಿದವರಿಗೂ ಒಂದು ಪಾಲು ತೆಗೆದಿಟ್ಟು ಮನೆಗೆ ಕಳಿಸುವುದು ಅಲ್ಲಿನ ಪದ್ಧತಿ.

ಹರ್ನಿಯಾ ಆಪರೇಶನ್ನಿಗೆಂದು ಬಂದವನ ರಕ್ತದಲ್ಲಿ ಬಿಳಿ ಕಣಗಳು ಮಿತಿಮೀರಿದ್ದವು. ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಖಚಿತವಾಯಿತು: ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ. ರಕ್ತದ ಕ್ಯಾನ್ಸರೇ, ಆದರೆ ಬಹಳ ನಿಧಾನದ್ದು. ಆರಂಭದಲ್ಲೇ ಮದ್ದು ಕೊಟ್ಟು ಪ್ರಯೋಜನವಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ನೋಡಬೇಕು, ಕುತ್ತಿಗೆಯಲ್ಲಿ ಗಂಟು ಊದಿದೆಯೇ, ಹಿಮೋಗ್ಲೋಬಿನ್ ಇಳಿದಿದೆಯೇ ಎಂದು ಗಮನಿಸಬೇಕು. ಅಗತ್ಯ ಬಿದ್ದಾಗ ಮದ್ದು. ಇದಕ್ಕೆ ಆಕ್ಟಿವ್ ಮಾನಿಟರಿಂಗ್ ಎನ್ನುತ್ತೇವೆ. ಹೀಗೆ ಚಿಕಿತ್ಸೆಯಿಲ್ಲದೆ ವರ್ಷಗಟ್ಟಲೆ ಚೆನ್ನಾಗಿರುವವರುಂಟು.

"ಹಾಂಗಾರೆ ಹಗ್ಗ ಎಳಿಯೂಕೆ ಅಡ್ಡಿ ಇಲ್ಲಲ್ಲ?" ಎಂದು ಮಂಗೇಶ ಕೇಳಿದ. ಅವನಿಗೆ ಬೇಕಾಗಿದ್ದು ಅಷ್ಟೇ.

"ಆಪರೇಶನ್ ಗಾಯ ಮಾಗಲಿ, ಆಮೇಲೆ ಧಾರಾಳ ಎಳಿ" ಎಂದೆ.

ಅವನ ಹೆಂಡತಿ ಸುಮಿತ್ರಾ ಸಂಕಟ ತಡೆಯಲಾರದೆ ತಂಗಿಗೆ ಹೇಳಿದಳು. ಊರಬಾಯಿಗೆ ಬೀಗ ಹಾಕಲಾದೀತೇ? ಕ್ಯಾನ್ಸರಂತೆ, ಮದ್ದೇ ಕೊಡದೆ ಕಳಿಸಿದರಂತೆ ಎಂದು ಕೇರಿಯೆಲ್ಲ ಮಾತಾಯಿತು. ನಮ್ಮ ಕಡೆ ಮದ್ದಿಲ್ಲದೆ ಮನೆಗೆ ಕಳಿಸಿದರು ಎಂದರೆ ಒಂದೇ ಅರ್ಥ. ಡಾಕ್ಟರು ಕೈಬಿಟ್ಟರು, ಇನ್ನು ಬಯಸಿದ್ದು ತಿನ್ನಿಸಿ ಎಂದು.

ಗಾಯ ಮಾಗಿ ಮಂಗೇಶ ದಂಡೆಗೆ ಹೋದರೆ, ರಂಪಣಿಯ ಹಿರಿಯ ದೇವಣ್ಣ ಅವನ ಕೈಯಿಂದ ಹಗ್ಗ ತೆಗೆದುಕೊಂಡ. "ನೀ ಕೂತ್ಕೋ ತಮ್ಮಾ. ನಿನ್ನ ಪಾಲು ಮನೆಗೆ ಬರ್ತದೆ."

ಬಂತು ಕೂಡ. ದಪ್ಪ ದಪ್ಪ ಬಂಗಡೆ ಆರಿಸಿ ಕಳಿಸುತ್ತಿದ್ದರು. ಸುಮಿತ್ರಾ ಸಾರು ಮಾಡಿ ಬಡಿಸಿದರೆ ಅವನು ತಟ್ಟೆ ಸರಿಸಿ ಏಳುತ್ತಿದ್ದ. ನೆಂಟರು ಬಂದು ಕೈ ಹಿಡಿದು ಅತ್ತು ಹೋದರು. ಯಾರ ಮನಸ್ಸಿನಲ್ಲೂ ಕೆಡುಕಿರಲಿಲ್ಲ. ಇದ್ದಿದ್ದರೆ ಅವನು ಜಗಳವಾದರೂ ಆಡಬಹುದಿತ್ತು.

ಪರೀಕ್ಷೆಗೆ ರಕ್ತ ಕೊಡಲು ಬಂದಾಗ ಮಂಗೇಶ ಇದನ್ನೆಲ್ಲ ಹೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ಒಂದು ಬೆಳಿಗ್ಗೆ ನಾನೇ ಆ ದಂಡೆಗೆ ಹೋಗಿ, "ಇವನಿಗೆ ನಿಮ್ಮಷ್ಟೇ ಶಕ್ತಿ ಇದೆ, ಹಗ್ಗ ಕೊಡಿ" ಎಂದು ದಬಾಯಿಸಿದೆ.

ದೇವಣ್ಣ ಕೈಮುಗಿದ. "ನೀವು ಹೇಳೂದು ಖರೆ ಡಾಕ್ಟ್ರಮ್ಮ. ಆದ್ರೆ ಎಳಿಯೂವಾಗ ಇವಂಗೆ ಏನಾರೂ ಆದ್ರೆ ಸುಮಿತ್ರಾನ ಮುಖ ಹ್ಯಾಂಗೆ ನೋಡೂದು?"

ನಾನು ನಿಂತಿದ್ದೇನೆಂದು ಹಗ್ಗ ಕೊಟ್ಟರು. ಆದರೆ ಅವನನ್ನು ನಿಲ್ಲಿಸಿದ್ದು ಎಲ್ಲರ ಹಿಂದೆ, ಎಳೆದು ಮುಗಿದ ಹಗ್ಗವನ್ನು ಸುತ್ತಿಡುವಲ್ಲಿ. ಅಲ್ಲಿ ಭಾರವೇ ಬೀಳುವುದಿಲ್ಲ. ಮಂಗೇಶ ತಲೆ ಎತ್ತದೆ ಹಗ್ಗ ಸುತ್ತುತ್ತಿದ್ದ.

ಮುಂದಿನ ಪರೀಕ್ಷೆಗೆ ಅವನು ಬರಲಿಲ್ಲ. ಫೋನ್ ಮಾಡಿದರೆ ಸುಮಿತ್ರಾ, ಮಲ್ಪೆಗೆ ಹೋಗಿ ಬೋಟು ಹತ್ತಿದ್ದಾರೆ ಎಂದಳು. ಅಲ್ಲೇ ರಕ್ತ ಕೊಡಲಿ ಎಂದು ಹೇಳಿ ಕಳಿಸಿದೆ. ಕೊಡಲಿಲ್ಲ. ಸುದ್ದಿ ಬೋಟಿನವರಿಗೆ ತಿಳಿದೀತೆಂಬ ಭಯ. ಹೀಗೆ ಎರಡು ವರ್ಷ ಹೋಯಿತು.

ಮರಳಿ ಬಂದಾಗ ಮೈಯೆಲ್ಲ ಇಳಿದುಹೋಗಿತ್ತು. ಜ್ವರ, ಕೆಮ್ಮು, ಕುತ್ತಿಗೆಯಲ್ಲಿ ಕಂಕುಳಲ್ಲಿ ಗಂಟುಗಳು. ಹಿಮೋಗ್ಲೋಬಿನ್ ಪಾತಾಳಕ್ಕೆ ಇಳಿದಿತ್ತು. "ಎಂತಕ್ಕೆ ಬರಲಿಲ್ಲ ನೀನು?" ಎಂದು ಶುರು ಮಾಡಿದೆ.

"ಅಲ್ಲಿ ಯಾರಿಗೂ ಗೊತ್ತಿರ್ಲಿಲ್ಲ ಡಾಕ್ಟ್ರಮ್ಮ" ಎಂದ, ಮಲಗಿದಲ್ಲಿಂದಲೇ. "ಎಲ್ಲರ ಸಂಗ್ತಿಗೆ ನಂಗೂ ಬೈತಿದ್ರು, ಕೆಲ್ಸ ಹೇಳ್ತಿದ್ರು. ಎರಡು ವರ್ಷ ಚಂದ ಬದುಕ್ದೆ."

ಬೈಯುವುದನ್ನು ಅಲ್ಲಿಗೇ ಬಿಟ್ಟೆ. ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಮಂಗಳೂರಿಗೆ ಕಳಿಸಿದೆವು. ಶ್ವಾಸಕೋಶದ ಸೋಂಕು ಹತೋಟಿಗೆ ಬಂದ ಮೇಲೆ ಕ್ಯಾನ್ಸರಿಗೆ ಮದ್ದು ಶುರು ಮಾಡುವುದೆಂದಿತ್ತು. ಸೋಂಕು ಹತೋಟಿಗೆ ಬರಲೇ ಇಲ್ಲ. ಅವನು ಹೋಗಿಬಿಟ್ಟ. ಹೊತ್ತಿಗೆ ಬಂದಿದ್ದರೆ ಅವನ ರೋಗಕ್ಕೆ ಒಳ್ಳೆಯ ಮದ್ದಿತ್ತು.

ಸುಮಿತ್ರಾಳನ್ನು ಮಾತಾಡಿಸಿ ಬರೋಣವೆಂದು ಅವನ ಮನೆಗೆ ಹೋದೆ. ದೇವಣ್ಣ ಮೆಟ್ಟಿಲ ಮೇಲೆ ಕೂತಿದ್ದ. "ನಾ ಅವ್ನ ಉಳಿಸೂಕೆ ನೋಡ್ದೆ. ಹಗ್ಗ ಕೊಡ್ಬೇಕಿತ್ತಾ ಡಾಕ್ಟ್ರಮ್ಮ?" ಎಂದ. ಹೌದು ಎನ್ನಲು ಮನಸ್ಸಾಗಲಿಲ್ಲ, ಇಲ್ಲ ಎಂದರೆ ಸುಳ್ಳಾಗುತ್ತಿತ್ತು. ಅದೇ ಮೆಟ್ಟಿಲ ಮೇಲೆ ಅವನ ಪಕ್ಕ ಕೂತೆ.

ಅಲ್ಲಿಂದ ಮುಂದೆ ಇಂಥ ರೋಗ ಕಂಡಾಗ ರೋಗಿಯೊಬ್ಬನಿಗೇ ಹೇಳಿ ಮುಗಿಸಲಿಲ್ಲ. ಅವನು ಒಪ್ಪಿದರೆ ಮನೆಯವರನ್ನೂ ಜೊತೆಗೆ ದುಡಿಯುವವರನ್ನೂ ಕರೆಸಿ ಕೂರಿಸಿ ಹೇಳುತ್ತಿದ್ದೆ: ಈಗ ಮದ್ದು ಬೇಡ ಎನ್ನುವುದು ಒಳ್ಳೆಯ ಸುದ್ದಿ, ನಾಳೆ ಇವನಿಗೆ ಕೆಲಸ ಕೊಡಿ, ತಪ್ಪಿದರೆ ಬೈಯಿರಿ. ಕೆಲವರು ನಂಬಿದರು, ಕೆಲವರು ತಲೆಯಾಡಿಸಿ ಹೋಗಿ ತಮ್ಮ ಮನಸ್ಸಿಗೆ ಬಂದಂತೆ ಮಾಡಿದರು. ಬದುಕಿರುವವನನ್ನು ಬದುಕಿರುವವನಂತೆ ನಡೆಸಿಕೊಳ್ಳದಿದ್ದರೆ, ಹಾಗೆ ನಡೆಸಿಕೊಳ್ಳುವ ಊರನ್ನು ಹುಡುಕಿಕೊಂಡು ಅವನು ಹೋಗುತ್ತಾನೆ. ಮಂಗೇಶ ಹೋದದ್ದು ಅದಕ್ಕೇ.