ಬೆಳ್ತಂಗಡಿಯ ಸರ್ವರ್ ಮೂಡುಬಿದಿರೆಯಲ್ಲಿ ಎದ್ದ ಬೆಳಿಗ್ಗೆ

ಕೊರೊನಾ ಕಳೆದ ಮರುವರ್ಷದ ಮಾತು. ಶಾರ್ಜಾದ ಒಂದು ಕಂಪೆನಿಯಲ್ಲಿ ಬಹಳ ಕಾಲ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದ ನಾನು, ಅಂದರೆ ಸರ್ವರ್‌ಗಳು ನಿಲ್ಲದಂತೆ ನೋಡಿಕೊಳ್ಳುವ ಕೆಲಸದವಳು, ಊರಿಗೆ ಮರಳಿ ಬಿ.ಸಿ.ರೋಡಿನಲ್ಲಿ ಸಣ್ಣ ಕಚೇರಿ ತೆರೆದಿದ್ದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಒಂದೊಂದು ಡಯಾಲಿಸಿಸ್ ಕೇಂದ್ರ ನಡೆಸುತ್ತಿದ್ದ ಒಂದು ಟ್ರಸ್ಟ್ ತನ್ನ ಕಂಪ್ಯೂಟರ್‌ಗಳ ಹೊಣೆಯನ್ನು ನನಗೆ ಒಪ್ಪಿಸಿತ್ತು.

ಮೂರೂ ಕಡೆಯವರು ಬಳಸುತ್ತಿದ್ದುದು ಒಂದೇ ವೆಬ್ ಅಪ್ಲಿಕೇಶನ್. ಯಾರ ಸರದಿ ಯಾವ ದಿನ, ಯಾರಿಗೆ ಯಾವ ಯಂತ್ರ, ದೇಹದಿಂದ ಎಷ್ಟು ನೀರು ತೆಗೆಯಬೇಕು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಪ್ರಮಾಣ ಎಷ್ಟು ಎಂಬುದೆಲ್ಲ ಅದರಲ್ಲಿತ್ತು. ಅದು ಓಡುತ್ತಿದ್ದದ್ದು ಮಾತ್ರ ಬೆಳ್ತಂಗಡಿಯ ಒಂದೇ ಹಳೆಯ ಕಂಪ್ಯೂಟರಿನಲ್ಲಿ. ಬೇರೆ ಯಂತ್ರಕ್ಕೆ ಹಾಕಿ ನೋಡಿದೆ, ಏಳಲಿಲ್ಲ. ಅದಕ್ಕೆ ಬೇಕಾದ ಹಳೆಯ ಆವೃತ್ತಿಯ ಸಾಫ್ಟ್‌ವೇರ್‌ಗಳು ಹೊಸ ಯಂತ್ರಗಳಲ್ಲಿ ಇರಲಿಲ್ಲ.

ಅದನ್ನು ಕಂಟೇನರಿಗೆ ಹಾಕಬೇಕೆಂದು ಟ್ರಸ್ಟಿನ ಮುಖ್ಯಸ್ಥ ಜಗನ್ನಾಥಣ್ಣನಿಗೆ ಹೇಳಿದೆ. ಅವರು ಹೋಟೆಲ್ ನಡೆಸುವವರು.

"ಈಗ ಸರಿ ಉಂಟಲ್ಲ ನಸೀಮಾ, ಸರಿ ಇರುವುದನ್ನು ಯಾಕೆ ಮುಟ್ಟುವುದು?" ಎಂದರು.

"ಮದುವೆ ಅಡುಗೆಯವರು ಬರುವುದಿಲ್ಲವಾ ಜಗನ್ನಾಥಣ್ಣ? ಪಾತ್ರೆ, ಒಲೆ, ಮಸಾಲೆ ಎಲ್ಲ ಅವರೇ ತರ್ತಾರೆ. ನಾವು ಅಂಗಳ ಮತ್ತು ನೀರು ಕೊಟ್ಟರಾಯ್ತು, ಯಾವ ಮನೆಯಲ್ಲಾದರೂ ಅದೇ ರುಚಿ. ಕಂಟೇನರ್ ಅಂದರೆ ಅದೇ. ಪ್ರೋಗ್ರಾಮ್ ತನಗೆ ಬೇಕಾದ್ದನ್ನೆಲ್ಲ ತಾನೇ ಹೊತ್ತುಕೊಂಡು ಬರ್ತದೆ. ಅಕ್ಕಿ ಮಾತ್ರ ಮನೆಯವರದ್ದು. ಅಂದರೆ ರೋಗಿಗಳ ಮಾಹಿತಿ ಹೊರಗೆ, ಬೇರೆ ಫೋಲ್ಡರಿನಲ್ಲಿ ಇರ್ತದೆ."

ಅವರು ನಕ್ಕರು. "ಸರಿ, ಮಾಡು. ಆದ್ರೆ ಒಂದು ದಿನವೂ ನಿಲ್ಲಬಾರದು."

ಬೇಸಿಗೆಯಲ್ಲಿ ಕೆಲಸ ಮುಗಿಸಿದೆ. ಬೆಳ್ತಂಗಡಿಯಲ್ಲಿ ಓಡುವ ಕಂಟೇನರಿನ ತದ್ರೂಪು ಮೂಡುಬಿದಿರೆಯ ಕಂಪ್ಯೂಟರಿನಲ್ಲೂ ಸಿದ್ಧವಾಗಿತ್ತು. ದಿನಾ ಸಂಜೆ ಮಾಹಿತಿಯ ಒಂದು ನಕಲು ಪ್ರತಿ ಅಲ್ಲಿಗೆ ಹೋಗಿ ಸೇರುತ್ತಿತ್ತು.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ಜಗನ್ನಾಥಣ್ಣನ ಫೋನ್ ಬಂತು. ಸಿಡಿಲಿಗೆ ಬೆಳ್ತಂಗಡಿ ಕೇಂದ್ರದ ಕಂಪ್ಯೂಟರ್ ಸುಟ್ಟುಹೋಗಿತ್ತು. ಡಯಾಲಿಸಿಸ್‌ಗೆ ಬೇಕಾದ ಶುದ್ಧ ನೀರಿನ ಘಟಕವೂ ನಿಂತಿತ್ತು. ಆ ದಿನದ ರೋಗಿಗಳಲ್ಲಿ ಕೆಲವರನ್ನು ಬಂಟ್ವಾಳಕ್ಕೆ, ಉಳಿದವರನ್ನು ವೇಣೂರು ದಾರಿಯಾಗಿ ಮೂಡುಬಿದಿರೆಗೆ ಆಗಲೇ ಕಳುಹಿಸಿದ್ದರು. ಡಯಾಲಿಸಿಸ್ ಮುಂದೂಡುವ ಸಂಗತಿಯಲ್ಲ. ತಡವಾದಷ್ಟೂ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಹಾಗೆಂದು ವಿವರ ತಿಳಿಯದೆ ಯಂತ್ರಕ್ಕೆ ಹಾಕುವಂತೆಯೂ ಇಲ್ಲ.

ಆ ಮಳೆಯಲ್ಲಿ ನೆಟ್ ನಂಬಿ ಬಿ.ಸಿ.ರೋಡಿನಲ್ಲೇ ಕೂರಲು ನನಗೆ ಮನಸ್ಸಾಗಲಿಲ್ಲ. ಸಿದ್ದಕಟ್ಟೆ ದಾರಿಯಲ್ಲಿ ಮೂಡುಬಿದಿರೆಗೆ ಕಾರು ಓಡಿಸಿಕೊಂಡು ಹೋದೆ. ಕಂಟೇನರ್ ಶುರುಮಾಡಿದಾಗ ಪರದೆಯ ಮೇಲೆ ಅಪ್ಲಿಕೇಶನ್ ತಟ್ಟನೆ ತೆರೆದುಕೊಂಡಿತು. ಆದರೆ ಪಟ್ಟಿ ಖಾಲಿ.

"ಮೇಡಂ, ಒಬ್ಬರ ಹೆಸರೂ ಇಲ್ಲ!" ಡಯಾಲಿಸಿಸ್ ಟೆಕ್ನಿಷಿಯನ್ ಪ್ರಮೀಳಾ ಹೌಹಾರಿದಳು. ಅವಳ ಹಿಂದೆ ಬೆಂಚಿನಲ್ಲಿ ಬೆಳ್ತಂಗಡಿಯಿಂದ ಬಂದವರು ಒದ್ದೆ ಕೊಡೆ ಹಿಡಿದು ಕೂತಿದ್ದರು. ಒಬ್ಬರ ಪಾದ ಚಪ್ಪಲಿಯೊಳಗೆ ಹಿಡಿಸದಷ್ಟು ಊದಿತ್ತು.

ನನಗೆ ಗಾಬರಿಯಾಗಲಿಲ್ಲ ಎಂದರೆ ಜಂಬ ಅನಿಸಬಹುದು, ಆದರೆ ನಿಜವಾಗಿಯೂ ಆಗಲಿಲ್ಲ. ಪ್ರೋಗ್ರಾಮ್ ಎದ್ದಿದೆ, ಹೆಸರಿಲ್ಲ ಎಂದರೆ ಕಂಟೇನರ್ ಸರಿ ಇದೆ, ಮಾಹಿತಿಯ ಫೋಲ್ಡರ್ ಅದಕ್ಕೆ ಸಿಕ್ಕಿಲ್ಲ ಎಂದೇ ಅರ್ಥ.

"ಈ ಕಂಪ್ಯೂಟರಿಗೆ ಇತ್ತೀಚೆಗೆ ಏನಾದ್ರೂ ಮಾಡಿದ್ದೀರಾ?"

"ಜಾಗ ಸಾಲದು ಅಂತ ದೊಡ್ಡ ಡಿಸ್ಕ್ ಹಾಕಿಸಿದ್ದೇವೆ ಮೇಡಂ. ಹಾಕಲು ಬಂದವರು ಇದ್ದದ್ದನ್ನೆಲ್ಲ ಅದಕ್ಕೇ ವರ್ಗಾಯಿಸಿದ್ರು."

ಸಂಜೆಯ ಪ್ರತಿಗಳು ಹೊಸ ಡಿಸ್ಕಿಗೆ ಹೋಗಿ ಬೀಳುತ್ತಿದ್ದವು. ಕಂಟೇನರ್ ಹಳೆಯ ಜಾಗದಲ್ಲಿ ಹುಡುಕಿ, ಸಿಗದೆ, ಖಾಲಿ ಫೋಲ್ಡರಿನೊಂದಿಗೆ ಎದ್ದಿತ್ತು. ಒಂದು ಸಾಲು ತಿದ್ದಿ ಮತ್ತೆ ಶುರುಮಾಡಿದೆ. ಹೆಸರುಗಳು ಸಾಲಾಗಿ ಬಂದವು. ಪ್ರಮೀಳಾ ಉಸಿರು ಬಿಟ್ಟು ಯಂತ್ರಗಳ ಕಡೆ ಹೊರಟಳು.

"ಸ್ವಲ್ಪ ನಿಲ್ಲು ಪ್ರಮೀಳಾ," ಎಂದೆ. "ಇದರಲ್ಲಿರುವುದು ನಿನ್ನೆ ಸಂಜೆಯವರೆಗಿನದ್ದು. ಆಮೇಲೆ ಬರೆದದ್ದು ಸುಟ್ಟ ಕಂಪ್ಯೂಟರಿನೊಂದಿಗೇ ಹೋಯಿತು. ನಿನ್ನೆ ಸಂಜೆಯಿಂದ ಏನಾದ್ರೂ ಬದಲಾಗಿದೆಯಾ ಅಂತ ಒಬ್ಬೊಬ್ಬರನ್ನೇ ಕೇಳದೆ ಯಾರಿಗೂ ಸೂಜಿ ಹಾಕುವುದು ಬೇಡ."

ಬಂಟ್ವಾಳ ಕೇಂದ್ರಕ್ಕೂ ಫೋನ್ ಮಾಡಿ ಅದನ್ನೇ ಹೇಳಿ, ನೆಟ್ ಕೈಕೊಟ್ಟಿದ್ದರಿಂದ ಅಲ್ಲಿಗೆ ಹೋದವರ ವಿವರಗಳನ್ನು ಪರದೆ ನೋಡಿ ಓದಿದೆ.

ಮುಂಡಾಜೆಯ ಲೀಲಕ್ಕ ಎಂಬವರ ಸರದಿ ಬಂತು. ಪರದೆಯ ಮೇಲೆ ಎಂದಿನಂತೆ ಹೆಪಾರಿನ್ ಕೊಡಿ ಎಂದಿತ್ತು. ಪ್ರಮೀಳಾ ಕೇಳಿದಳು.

"ಹಲ್ಲು ಕೀಳಿಸಿದ್ದೇನೆ ಮಾರಾಯ್ತಿ, ನಿನ್ನೆ ಕತ್ತಲೆಯಾಗುವಾಗ. ಇನ್ನೂ ರಕ್ತ ಬರ್ತಾ ಉಂಟು," ಎಂದರು ಲೀಲಕ್ಕ, ಸೆರಗಿನಿಂದ ಬಾಯಿ ಒತ್ತಿಕೊಳ್ಳುತ್ತಾ. "ನಮ್ಮ ಡಾಕ್ಟ್ರಿಗೆ ಫೋನ್ ಮಾಡಿ ಹೇಳಿದ್ದೆ. ಕಂಪ್ಯೂಟರಿನಲ್ಲಿ ಬರ್ದಿಡ್ತೇನೆ ಅಂದಿದ್ರು. ಬರ್ಲಿಲ್ವಾ?"

ಪ್ರಮೀಳಾ ನನ್ನ ಮುಖ ನೋಡಿದಳು. ಡಾಕ್ಟರರು ಬರೆದಿದ್ದರೂ ಅದು ಸುಟ್ಟ ಕಂಪ್ಯೂಟರಿನೊಂದಿಗೇ ಹೋಗಿತ್ತು. ಹೆಪಾರಿನ್ ಕೊಟ್ಟಿದ್ದರೆ ಆ ಗಾಯದ ರಕ್ತ ನಿಲ್ಲಿಸುವುದು ಕಷ್ಟವಿತ್ತು. ಡಾಕ್ಟರರನ್ನು ಫೋನಿನಲ್ಲಿ ಕೇಳಿಕೊಂಡು, ಹೆಪಾರಿನ್ ಇಲ್ಲದೆ, ಯಂತ್ರದ ಪಕ್ಕದಿಂದ ಕದಲದೆ ಪ್ರಮೀಳಾ ಅವರ ಡಯಾಲಿಸಿಸ್ ಮಾಡಿದಳು.

ಮಧ್ಯಾಹ್ನದ ಹೊತ್ತಿಗೆ ನೆಟ್ ಸರಿಹೋಯಿತು. ಬಂಟ್ವಾಳದವರೂ ಮೂಡುಬಿದಿರೆಯ ಕಂಟೇನರನ್ನೇ ತೆರೆದು ಕೆಲಸ ಮುಂದುವರಿಸಿದರು. ಆ ದಿನ ಒಬ್ಬರ ಸರದಿಯೂ ತಪ್ಪಲಿಲ್ಲ. ಜಗನ್ನಾಥಣ್ಣ ಬಂದವರೇ ಲೀಲಕ್ಕನ ಹತ್ತಿರ ಸ್ವಲ್ಪ ಹೊತ್ತು ನಿಂತು, ನನ್ನ ಕಡೆ ತಿರುಗಿ, "ಬಂಟ್ವಾಳದಲ್ಲಿಯೂ ಒಂದು ಕಂಟೇನರ್ ಇಡುವ. ಮತ್ತೆ ಆ ಕಾಪಿ ಸಂಜೆಗೆ ಒಂದೇ ಸಲ ಸಾಲದು, ಅಲ್ವಾ?" ಎಂದರು.

"ಸಾಲದು," ಎಂದೆ. ಅದೇ ವಾರ ಬರೆದದ್ದು ಬರೆದಂತೆ ಮೂರೂ ಕಡೆ ಸೇರುವ ಹಾಗೆ ಮಾಡಿದೆ.

ಆ ಬೆಳಿಗ್ಗೆ ಪ್ರೋಗ್ರಾಮನ್ನು ಎಬ್ಬಿಸಿದ್ದು ನನ್ನ ಕಸುಬು. ನನಗೆ ಇಂದಿಗೂ ಹೆಮ್ಮೆ ಇರುವುದು ಪ್ರಮೀಳಾಳನ್ನು ತಡೆದು ನಿಲ್ಲಿಸಿದ ಆ ಮಾತಿನ ಬಗ್ಗೆ. ಎದ್ದು ನಿಂತ ಪರದೆಯನ್ನು ಎಲ್ಲರೂ ನಂಬುತ್ತಾರೆ. ಅದಕ್ಕೆ ಎಲ್ಲಿಯವರೆಗೆ ಗೊತ್ತು, ಎಲ್ಲಿಂದಾಚೆ ಗೊತ್ತಿಲ್ಲ ಎಂದು ಗಟ್ಟಿಯಾಗಿ ಹೇಳಬೇಕಾದವರು ಅದನ್ನು ಎಬ್ಬಿಸಿದವರೇ.